ಮಗಳು ಅರ್ಧಕ್ಕೆ ಬಿಟ್ಟ ಸಬ್‌ಮರೀನು

ಆಟದ ದೋಣಿ ಮಾಡುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮುಳುಗಿಸುವುದು ದೊಡ್ಡ ವಿದ್ಯೆಯಲ್ಲ, ಕಲ್ಲೂ ಮುಳುಗುತ್ತದೆ. ಮುಳುಗಿದ್ದನ್ನು ನೀರಿನ ನಡುವೆ ನಿಲ್ಲಿಸಿ, ಕರೆದಾಗ ಮೇಲಕ್ಕೆ ತರಬೇಕೆಂದರೆ ತೂಕ ಗೊತ್ತಿರಬೇಕು. ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂದುಕೊಂಡಿದ್ದವನು ನಾನು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ಬೆಲ್ಲದ ಸಗಟು ವ್ಯಾಪಾರ. ಚಿಕ್ಕೋಡಿ ಕಡೆಯಿಂದ ಬರಿಗೈಲಿ ಬಂದು, ಬೇರೆಯವರ ಅಂಗಡಿಯಲ್ಲಿ ಬೆಲ್ಲದ ದೊಡ್ಡ ದೊಡ್ಡ ಅಚ್ಚು, ಅಂದರೆ ಪೆಂಟಿ, ಹೊತ್ತು, ಆಮೇಲೆ ತೂಗಲು ಕೂತು, ಕೊನೆಗೆ ನನ್ನದೇ ಅಂಗಡಿ ಹಾಕಿದೆ. ಪೆಂಟಿಯನ್ನು ಕೈಯಲ್ಲಿ ಎತ್ತಿದರೆ ಸಾಕು, ಒಳಗೆ ಎಷ್ಟು ತೇವ ಇದೆ, ಮಾಲು ತಂದ ಬಾರಾಮತಿಯವನು ಎಷ್ಟು ಸುಳ್ಳು ಹೇಳುತ್ತಿದ್ದಾನೆ ಎರಡೂ ತಿಳಿಯುತ್ತವೆ.

ಸಬ್‌ಮರೀನು ನನ್ನದಲ್ಲ, ಮಗಳದು. ಒಬ್ಬಳೇ ಮಗಳು. ಮಗರಪಟ್ಟಾದಲ್ಲಿ ಅವಳ ಆಫೀಸು, ನಡೆದುಹೋಗುವಷ್ಟು ದೂರದಲ್ಲಿ ಅವಳ ಮನೆ. ಅಳಿಯ ಮೈಸೂರಿನವರು, ಅದೇ ಆಫೀಸಿನಲ್ಲಿ ಕೆಲಸ. ರಜೆಯ ದಿನ ಗಂಡ ಹೆಂಡತಿ ಸಿನಿಮಾಕ್ಕೆ ಹೋಗುವುದು ಬಿಟ್ಟು ಅಡುಗೆ ಕಟ್ಟೆಯ ಮೇಲೆ ಪೈಪು ಕೊಯ್ಯುತ್ತಿದ್ದರು. "ಇದರ ಬದಲಿ ಹಾರೂದರ ಮಾಡಬಾರದೇನ, ಕಣ್ಣಿಗೆ ಕಾಣತದ," ಅಂತ ನಾನು ಛೇಡಿಸಿದರೆ, "ಹಾರೂದು ಎಲ್ಲಾರೂ ಮಾಡ್ತಾರಪ್ಪಾ" ಅನ್ನುತ್ತಿದ್ದಳು. ನಮ್ಮ ಕಡೆಯ ಮಾತು ಅವಳು ನಮ್ಮೊಂದಿಗೆ ಮಾತ್ರ ಆಡುತ್ತಿದ್ದಳು. ಗಂಡನೊಂದಿಗೆ ಮೈಸೂರಿನ ಮಾತು.

ದೋಣಿ ತೋಳಿನಷ್ಟು ಉದ್ದ. ಹೊರಮೈಗೆ ಪ್ಲಂಬರುಗಳು ಬಳಸುವ ದಪ್ಪ ಪೈಪು. ಒಳಗೆ ಗಾಜಿನಂಥ ಪಾರದರ್ಶಕ ಕೊಳವೆ, ಅದರ ಎರಡೂ ತುದಿಗೆ ರಬ್ಬರ್ ಉಂಗುರ ಕೂಡಿಸಿದ ಮುಚ್ಚಳ. ಕೊಳವೆಯೊಳಗೆ ಬ್ಯಾಟರಿ, ಮೋಟಾರು, ಮತ್ತೆ ದನಗಳಿಗೆ ಔಷಧ ಚುಚ್ಚುವ ದೊಡ್ಡ ಸಿರಿಂಜು. ದಂಡೆಯಲ್ಲಿ ನಿಂತು ರಿಮೋಟಿನ ಕಡ್ಡಿ ಒತ್ತಿದರೆ ಸಿರಿಂಜು ನೀರು ಎಳೆದುಕೊಂಡು ದೋಣಿ ಇಳಿಯಬೇಕು. ಇನ್ನೊಂದು ಕಡೆ ಒತ್ತಿದರೆ ನೀರು ಉಗುಳಿ ಮೇಲೆ ಬರಬೇಕು. ಅಷ್ಟೇ ಅದರ ಮರ್ಮ. ಅಷ್ಟು ಆಗುವ ಮೊದಲೇ, ಮಳೆಗಾಲ ಮುಗಿಯುವ ಹೊತ್ತಿಗೆ ಮಗಳಿಗೆ ಡೆಂಗಿ ಬಂತು. ಒಂದು ವಾರದಲ್ಲಿ ಹೋದಳು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ.

ಕರ್ಮಗಳೆಲ್ಲ ಮುಗಿದ ಮೇಲೆ ಅಳಿಯ ಒಂದು ದಿನ ರಟ್ಟಿನ ಪೆಟ್ಟಿಗೆ ಹಿಡಿದು ಬಿಬ್ವೇವಾಡಿಯ ನಮ್ಮ ಮನೆಗೆ ಬಂದರು. ಪೆಟ್ಟಿಗೆಯಿಂದ ದೋಣಿಯ ಬಾಲ ಹೊರಗೆ ಚಾಚಿತ್ತು.

"ಇದನ್ನ ಏನು ಮಾಡ್ಲಿ ಗೊತ್ತಾಗ್ತಿಲ್ಲ ಮಾವ. ಮನೇಲಿಟ್ಟು ದಿನಾ ನೋಡೋಕಾಗಲ್ಲ. ಯಾರಿಗಾದ್ರೂ ಕೊಡೋಕೂ ಮನಸ್ಸು ಬರಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಪೂರಾ ಮಾಡ್ರಿ," ಅಂದಳು. ಎಷ್ಟೋ ದಿನದಿಂದ ಅವಳ ಬಾಯಿಂದ ಮಾತು ಹೊರಟಿರಲಿಲ್ಲ. "ಅಕಿ ಕೈಯಾಗಿಂದು ಹಂಗ ಅರ್ಧಾ ಉಳೀಬಾರದು."

"ನಂಗೆ ಅಷ್ಟು ಬರಲ್ಲ ಅತ್ತೆ. ನಾನು ಟಾರ್ಚ್ ಹಿಡೀತಿದ್ದವನು."

"ರವಿವಾರ ಬರ್ರಿ. ಇಲ್ಲೇ ಮ್ಯಾಲೆ ಗಚ್ಚಿನ ಮ್ಯಾಲೆ ಮಾಡ್ರಿ. ಟಾರ್ಚು ಇವರು ಹಿಡೀತಾರ."

ಹೀಗೆ ರವಿವಾರಗಳು ಶುರುವಾದವು. ಆ ರವಿವಾರಗಳ ಬೆಲೆ ನನಗೆ ಮೊದಲ ತಿಂಗಳಲ್ಲೇ ತಿಳಿಯಿತು. ಮಗಳು ಹೋದಾಗಿನಿಂದ ಹೆಂಡತಿ ಊಟ ಬಿಟ್ಟಿದ್ದಳು. ನಾನು ಎದುರು ಕೂತು ಗದರಿದರೆ ತುತ್ತು ಬಾಯಿಗಿಟ್ಟು, ನೀರು ಕುಡಿದು ಎದ್ದುಬಿಡುತ್ತಿದ್ದಳು. ಸೀರೆಯ ನಿರಿಗೆ ದಿನದಿಂದ ದಿನಕ್ಕೆ ದಪ್ಪವಾಗುತ್ತ ಹೋಗಿತ್ತು, ಒಳಗಿನ ಆಳು ಕರಗುತ್ತಿದ್ದಳು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಯಾರಾದರೂ ಜೊತೆಗೆ ಕೂತು ಉಣ್ಣಿಸಬೇಕು ಅಂದರು. ರವಿವಾರ ಮಾತ್ರ ಅವಳು ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಳು, ಮುಳಗಾಯಿಗೆ, ಅಂದರೆ ಬದನೆಗೆ, ಮಸಾಲೆ ತುಂಬಿ ಎಣ್ಣೆಯಲ್ಲಿ ಬೇಯಿಸುತ್ತಿದ್ದಳು. ಅಳಿಯ ಉಣ್ಣುವಾಗ ಎದುರು ಕೂತು ತಾನೂ ಉಣ್ಣುತ್ತಿದ್ದಳು. "ಆಕಿಗೆ ಖಾರ ಸೇರ್ತಿತ್ತು, ನೀವ ಯಾಕ ಕಣ್ಣೀರ ಹಾಕ್ತೀರಿ," ಅಂತ ಹಾಸ್ಯ ಬೇರೆ. ಅಳಿಯ ಮೂಗು ಒರೆಸಿಕೊಂಡು, "ಇಲ್ಲ ಅತ್ತೆ, ಚೆನ್ನಾಗಿದೆ," ಅನ್ನುತ್ತಿದ್ದರು. ವಾರಕ್ಕೊಂದು ಹೊಟ್ಟೆತುಂಬ ಊಟ, ಅದೂ ಆ ದೋಣಿಯ ಪುಣ್ಯದಿಂದ. ವ್ಯಾಪಾರಿಯಾದ ನನಗೆ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಗಚ್ಚಿನ ಮೇಲೆ, ಅಂದರೆ ಮನೆಯ ತಾರಸಿಯಲ್ಲಿ, ನೀರು ತುಂಬಿದ ನೀಲಿ ಡ್ರಮ್ಮು ಇಟ್ಟುಕೊಂಡೆವು. ಮುಚ್ಚಿದ ಕೊಳವೆಯನ್ನು ನೀರಲ್ಲಿ ಅದುಮಿ ಹಿಡಿದು ಗುಳ್ಳೆ ಏಳುತ್ತದೆಯೇ ನೋಡುವುದು ಮೊದಲ ಪರೀಕ್ಷೆ. ಎದ್ದವು. ಹಿಂದಿನ ಪಂಖ ತಿರುಗಿಸುವ ಮೋಟಾರಿನ ಸಳಿ ಹೊರಗೆ ಬರುವ ತೂತಿನಿಂದ ಸಾಲಾಗಿ ಎದ್ದವು. ಸೀಲು ಬದಲಿಸಿ, ಗ್ರೀಸು ತುಂಬಿ, ಮತ್ತೆ ಅದುಮಿದೆವು. ಇದಕ್ಕೇ ಕೆಲವು ರವಿವಾರ ಹೋದವು. ಸೀಲು ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಇದು ನಾನು ಹೇಳುತ್ತಿರುವ ಮಾತು, ನೆನಪಿಡಿ.

ನಾನು ಚೌಕಾಸಿ ಮಾಡಿದ್ದು ರಿಮೋಟಿನ ಮೇಲೆ. ಮಗಳು ತಂದಿಟ್ಟದ್ದು ಉದ್ದ ಏರಿಯಲ್ ಇದ್ದ ಹಳೇ ಸೆಟ್ಟು, ಯಾರದೋ ಅಟ್ಟದಿಂದ ಇಳಿಸಿದ ಹಾಗಿತ್ತು. ಅಳಿಯನನ್ನು ಕೇಳದೆ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋದೆ. ಅಂಗಡಿಯವನು ನಕ್ಕು ಮರಾಠಿಯಲ್ಲಿ ಅಂದ: "ಸಬ್‌ಮರೀನಾ ಕಾಕಾ? ಎಲ್ಲಿ ಬಿಡ್ತೀರಿ, ಮುಠಾ ಹೊಳೆಯಲ್ಲಾ? ಅಲ್ಲಿ ಮೀನೇ ಉಳಿಯೋದಿಲ್ಲ." ನಾನೂ ನಕ್ಕು, ಚಹಾ ಕುಡಿಸಿ, ಎರಡು ಸಲ ಎದ್ದು ಹೋಗುವ ಹಾಗೆ ಮಾಡಿ, ಅವನು ಕೂಗಿ ಕರೆಯುವ ತನಕ ಕಾಯ್ದು, ಹೊಚ್ಚ ಹೊಸ ಸೆಟ್ಟನ್ನು ಅರ್ಧ ಬೆಲೆಗೆ ತಂದೆ. ಡ್ರಮ್ಮಿನಲ್ಲಿ ದೋಣಿ ನೀರಿನ ಮೇಲೆ ಚೆನ್ನಾಗಿ ತಿರುಗಿತು. ಒಂದೆರಡು ಗೇಣು ಇಳಿದದ್ದೇ ಕಿವುಡಾಯಿತು.

"ಹೊಸ ಸೆಟ್‌ಗಳ ತರಂಗ ನೀರೊಳಗೆ ಹೋಗಲ್ಲ ಮಾವ," ಅಂದರು ಅಳಿಯ. "ಅವಳು ಅದಕ್ಕೇ ಹಳೇದು ಹುಡುಕಿದ್ಲು."

ವಾಪಸು ಕೊಡಲು ಹೋದರೆ ಅಂಗಡಿಯವನು, ನಾನು ಮಾರ್ಕೆಟ್ ಯಾರ್ಡಿನಲ್ಲಿ ಗಿರಾಕಿಗಳಿಗೆ ದಿನವೂ ಹೇಳುವ ಮಾತನ್ನೇ ನನಗೆ ಹೇಳಿದ: ಇಷ್ಟು ಇಳಿಸಿ ಕೊಟ್ಟ ಮಾಲು ತಿರುಗಿ ತಗೊಳ್ಳುವುದಿಲ್ಲ.

ಕೊನೆಗೆ ಉಳಿದದ್ದು ತೂಕ. ಸಿರಿಂಜು ತುಂಬ ನೀರು ಎಳೆದುಕೊಂಡಾಗ ದೋಣಿ ಅಡ್ಡಡ್ಡ ಮಟ್ಟವಾಗಿ ನಿಂತು, ಅದರ ಬೆನ್ನ ಮೇಲಿನ ಗೋಪುರದ ತುದಿ ಉಗುರಿನಷ್ಟು ಮಾತ್ರ ನೀರಿನ ಮೇಲೆ ಇಣುಕಬೇಕು. ಆಮೇಲೆ ಮೋಟಾರಿನ ಬಲದಿಂದ, ರೆಕ್ಕೆಯ ಓರೆಯಿಂದ ಕೆಳಗೆ ಹೋಗಬೇಕು. ಚಿಟಿಕೆ ಹೆಚ್ಚಾದರೆ ಮೂಗು ಕೆಳಗೆ ಹಾಕಿ ತಳ ಸೇರುತ್ತದೆ, ಕಡಿಮೆಯಾದರೆ ಮುಳುಗುವುದೇ ಇಲ್ಲ. ಮೀನು ಹಿಡಿಯುವವರ ಸೀಸದ ಗುಂಡು ತಂದು, ಮಕ್ಕಳು ಆಡುವ ಬಣ್ಣದ ಮೇಣದಲ್ಲಿ ಹುದುಗಿಸಿ, ದೋಣಿಯ ಹೊಟ್ಟೆಯೊಳಗೆ ಅಲ್ಲಲ್ಲಿ ಅಂಟಿಸಿದೆವು. ಒಂದು ರವಿವಾರ ಸರಿಯಾಗಿ ನಿಂತಿತು. ಅಳಿಯ ಡ್ರಮ್ಮಿನ ಅಂಚಿಗೆ ಗಲ್ಲವಿಟ್ಟು ನೋಡುತ್ತಲೇ ಇದ್ದರು. ಮುಂದಿನ ವಾರ ಹೊರಗೆ ದೊಡ್ಡ ನೀರಿಗೆ ಬಿಡೋಣ ಅಂದರು.

ಮುಂದಿನ ವಾರ ಡ್ರಮ್ಮಿಗೆ ಇಳಿಸಿದರೆ ಮೂಗು ಕೆಳಗೆ.

ಒಳಗೆ ನೀರು ಹೊಕ್ಕಿದೆ ಎಂದು ಇಡೀ ಕೊಳವೆ ಬಿಚ್ಚಿದರು. ಒಳಗೆ ಒಣಗಿತ್ತು. ಉಂಗುರ ಬದಲಿಸಿದರು, ಮತ್ತೆ ತೂಗಿ ಸರಿಮಾಡಿದರು. ಅದರ ಮುಂದಿನ ವಾರ ಮತ್ತೆ ಅದೇ. ಮೂಗಿನ ಭಾಗದ ಮೇಣ ಕಿತ್ತು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು.

"ಮಾವ, ಕೋಪ ಮಾಡ್ಕೋಬೇಡಿ. ನೀವೇನಾದ್ರೂ ಕೊಸರು ಹಾಕ್ತಿದೀರಾ?"

ಅವರು ಅಂದದ್ದರಲ್ಲಿ ತಪ್ಪೇನಿರಲಿಲ್ಲ. ತೂಕ ಮುಗಿದ ಮೇಲೆ ಒಂದು ಚೂರು ಮೇಲೆ ಹಾಕದೆ ಕೊಟ್ಟರೆ ನಮ್ಮ ಕಡೆ ಅದು ವ್ಯಾಪಾರವೇ ಅಲ್ಲ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತದ್ದು ಕಂಡರೆ ನನ್ನ ಬೆರಳು ತಾನಾಗಿ ಬೆಲ್ಲದ ಚೂರು ಮುರಿಯುತ್ತದೆ. ಕೊಸರು ಕೊಡದವನ ಅಂಗಡಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂಬುದು ನನ್ನ ಅನುಭವ. ವಾರದ ನಡುವೆ ದೋಣಿಯನ್ನು ಒರೆಸಿ ಇಡುವವನು ನಾನೇ. ಕಳಚಿದ ಗುಂಡನ್ನು ತಿರುಗಿ ಅಂಟಿಸುವಾಗ ಬೆರಳು ತನ್ನ ಚಾಳಿ ತೋರಿಸಿರಬೇಕು ಎಂದು ನಾನೇ ನಂಬಿಬಿಟ್ಟೆ.

"ಇರಬಹುದ್ರಿ," ಅಂದೆ. "ಕೈ ಚಾಳಿ ಅದು. ಇನ್ನ ಮುಟ್ಟೂದಿಲ್ಲ."

ಅಳಿಯ ನಕ್ಕರು. "ಸಬ್‌ಮರೀನಿಗೆ ಕೊಸರು ಹಾಕಿದ ಮೊದಲನೇ ವ್ಯಾಪಾರಿ ನೀವೇ ಇರಬೇಕು." ಹೆಂಡತಿಯೂ ನಕ್ಕಳು. ಆ ದಿನ ಮೂರು ರೊಟ್ಟಿ ಉಂಡಳು.

ಅದೇ ವಾರ ಮೈಸೂರಿನಿಂದ ಅಳಿಯನ ತಾಯಿಯ ಫೋನು ಬಂತು. ನಾನು ಅಂಗಡಿಯಲ್ಲಿದ್ದೆ, ಲಾರಿಯಿಂದ ಮಾಲು ಇಳಿಯುತ್ತಿತ್ತು.

"ಬೀಗರೇ, ಇದನ್ನ ನಿಮ್ಮ ಹತ್ರ ಹೇಗೆ ಕೇಳೋದು ಅಂತ ನಾಲ್ಕು ದಿನದಿಂದ ಒದ್ದಾಡ್ತಿದೀನಿ."

"ಕೇಳ್ರಿ ಅಕ್ಕಾರ. ನಾವೇನ ಹೊರಗಿನವರಲ್ಲ."

"ಇವನಿಗೆ ಒಂದು ಹುಡುಗಿ ನೋಡಿದೀವಿ. ಅವಳಿಗೂ ಮೊದಲನೇದು ಮುರಿದುಹೋಗಿದೆ, ಒಳ್ಳೇ ಜನ. ಇವನೂ ಬೇಡ ಅಂದಿಲ್ಲ. ಆದ್ರೆ ಮಾತಿಗೆ ಕೂತ್ಕೊಳ್ಳೋ ಅಂದ್ರೆ ಸಬ್‌ಮರೀನ್ ಮುಗೀಲಿ ಅಂತಾನೆ. ಅದೇನದು, ಯಾವಾಗ ಮುಗಿಯುತ್ತೆ?"

"ಇನ್ನ ಸ್ವಲ್ಪ ಅದರಿ," ಅಂದೆ. "ಮೂಗು ಭಾರ ಆಗ್ಯದ."

"ನಿಮಗೆ ಕಷ್ಟ ಆಗುತ್ತೆ, ಗೊತ್ತು," ಅಂದು ಅವರು ಫೋನು ಇಟ್ಟುಬಿಟ್ಟರು.

ವ್ಯವಹಾರದಲ್ಲಿ ಒಂದು ನೇಮವಿದೆ. ಕೊನೆಯ ಮಾತು ಆಡುವ ತನಕ ಗಿರಾಕಿ ಎದ್ದು ಹೋಗುವುದಿಲ್ಲ. ಹಾಗಾಗಿ ಜಾಣನಾದವನು ಕೊನೆಯ ಮಾತನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಾನೆ. ನಾನೂ ಇಟ್ಟುಕೊಂಡೆ. ಹೆಂಡತಿಗೆ ಫೋನಿನ ವಿಷಯ ಹೇಳಲಿಲ್ಲ, ಅಳಿಯನಿಗೂ ಹೇಳಲಿಲ್ಲ. ದೋಣಿಯನ್ನೂ ಮುಟ್ಟಲಿಲ್ಲ, ಆಡಿದ ಮಾತಿನಂತೆ ಆ ವಾರ ಅದರ ಹತ್ತಿರವೂ ಸುಳಿಯಲಿಲ್ಲ.

ರವಿವಾರ ಬೆಳಿಗ್ಗೆ ಡ್ರಮ್ಮಿಗೆ ನೀರು ಬಿಡಲು ಗಚ್ಚಿಗೆ ಹತ್ತಿದೆ. ಹೆಂಡತಿ ನನಗಿಂತ ಮೊದಲೇ ಅಲ್ಲಿದ್ದಳು. ಕುಕ್ಕರಗಾಲಲ್ಲಿ ಕೂತು, ದೋಣಿಯನ್ನು ಕೂಸಿನ ಹಾಗೆ ಮಡಿಲಲ್ಲಿ ಬೋರಲು ಮಲಗಿಸಿಕೊಂಡು, ಮೂಗಿನ ಒಳಗೆ ಹೆಬ್ಬೆರಳಿನಿಂದ ಏನೋ ಒತ್ತುತ್ತಿದ್ದಳು. ಮೇಣದ ಉಂಡೆ. ಅದರಲ್ಲಿ ಸೀಸದ ಗುಂಡು ಎಳ್ಳುಂಡೆಯ ಎಳ್ಳಿನ ಹಾಗೆ ಕಾಣುತ್ತಿದ್ದವು.

ನನ್ನನ್ನು ನೋಡಿ ಬೆಚ್ಚಲಿಲ್ಲ, ಅಡಗಿಸಲೂ ಇಲ್ಲ. "ತೂಕಾದ ಮ್ಯಾಲೆ ಒಂಚೂರು ಹಾಕಬೇಕಲ್ಲ," ಅಂದಳು. ಅವಳ ತಂದೆಯೂ ಸಂತೆಯಲ್ಲಿ ಕಾಳು ತೂಗಿದವರೇ.

"ಎಷ್ಟ ದಿವಸ ಹಾಕ್ತಿ?"

"ಅವರು ಬರೂ ತನಕ."

"ನೀ ಹಾಕೂ ತನಕ ಅವರು ಬರ್ತಾರ. ಅದಲ್ಲ ನಾ ಕೇಳಿದ್ದು."

ದೋಣಿಯನ್ನು ಅದರ ಜಾಗದಲ್ಲಿಟ್ಟು, ಮೊಣಕಾಲು ಹಿಡಿದು ಎದ್ದು, ರೊಟ್ಟಿಗೆ ಎಸರಿಡಬೇಕು ಎಂದು ಕೆಳಗೆ ಹೋದಳು. ಆ ದಿನ ಅಳಿಯ ಮತ್ತೆ ಕೊಳವೆ ಬಿಚ್ಚಿದರು. ಬಿಸಿಲಿಗೆ ಅವರ ಕತ್ತು ಕೆಂಪಾಗಿತ್ತು. "ಎಲ್ಲೋ ಒಂದ್ಕಡೆ ನಾನು ತಪ್ಪು ಮಾಡ್ತಿದೀನಿ ಮಾವ," ಅಂದರು. "ಅವಳಾಗಿದ್ರೆ ಹತ್ತು ನಿಮಿಷಕ್ಕೆ ಹಿಡೀತಿದ್ಲು." ಸ್ಕ್ರೂಡ್ರೈವರು ಕೆಳಗಿಟ್ಟು ಎದ್ದು, ಜಾರಿದ ಪ್ಯಾಂಟು ಮೇಲಕ್ಕೆ ಎಳೆದುಕೊಂಡರು. ಆ ಹುಡುಗ ಎಷ್ಟು ಬಡವಾಗಿದ್ದಾನೆ ಎಂದು ನಾನು ಕಂಡದ್ದು ಅವತ್ತು. ನಮ್ಮ ಮನೆಯಲ್ಲಿ ಒಬ್ಬರು ವಾರಕ್ಕೊಮ್ಮೆ ಉಣ್ಣುವುದಕ್ಕಾಗಿ ಇನ್ನೊಬ್ಬರ ಬದುಕನ್ನು ಮೇಣದ ಉಂಡೆಯಿಂದ ತಡೆದು ನಿಲ್ಲಿಸಿದ್ದೆವು.

ಮುಂದಿನ ಶನಿವಾರ ಸಂಜೆ, ಹೆಂಡತಿ ಗುಡಿಗೆ ಹೋದಾಗ ಉಂಡೆ ಕಿತ್ತು ತಿಪ್ಪೆಗೆಸೆದು, ಗಚ್ಚಿನ ಬಾಗಿಲಿಗೆ ಕೀಲಿ ಹಾಕಿದೆ. ಮರುದಿನ ಡ್ರಮ್ಮಿನಲ್ಲಿ ದೋಣಿ ಮಟ್ಟವಾಗಿ ನಿಂತಿತು. ಗೋಪುರದ ತುದಿ ಉಗುರಿನಷ್ಟು ಇಣುಕಿತು. ಅಳಿಯ ಹಿಗ್ಗಲಿಲ್ಲ, ದೊಡ್ಡ ಉಸಿರು ಬಿಟ್ಟು, "ಇವತ್ತೇ ಹೋಗೋಣ," ಅಂದರು. ಹೆಂಡತಿ ಮೆಟ್ಟಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸೀರೆ ಬದಲಿಸಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಹೋದದ್ದು ಊರ ಪೂರ್ವಕ್ಕೆ, ಕಲ್ಲು ಒಡೆದು ಬಿಟ್ಟುಹೋದ ಖಣಿಗೆ. ಅದರಲ್ಲಿ ವರ್ಷಗಳ ಮಳೆನೀರು ನಿಂತು ಹಸಿರಾಗಿದೆ. ಆಳ ಯಾರಿಗೂ ಗೊತ್ತಿಲ್ಲ. ಈಜಬಾರದೆಂದು ಬೋರ್ಡು ಹಾಕಿದ್ದಾರೆ. ಲಾರಿ ಇಳಿಯುತ್ತಿದ್ದ ಇಳಿಜಾರಿನ ಕಡೆಯಿಂದ ಅಳಿಯ ದೋಣಿಯನ್ನು ನೀರಿಗೆ ಬಿಟ್ಟರು. ಸ್ವಲ್ಪ ದೂರ ಹೋಗಿ ಅದು ತಲೆ ಬಗ್ಗಿಸಿ ಇಳಿಯಿತು. ನೀರಿನ ಮೇಲೆ ಏನೂ ಉಳಿಯಲಿಲ್ಲ. ಅಳಿಯ ಕಡ್ಡಿಯನ್ನು ಇನ್ನೊಂದು ಕಡೆ ಒತ್ತಿದರು. ಬಹಳ ಹೊತ್ತು ಅನ್ನಿಸಿತು. ಆಮೇಲೆ ನಾವು ನೋಡುತ್ತಿದ್ದ ಕಡೆಯಲ್ಲಿ ಅಲ್ಲ, ಆಚೆಗೆ, ಗೋಪುರ ಮೇಲೆ ಬಂತು.

"ಆಯ್ತು," ಅಂದರು ಅಳಿಯ. ಅಷ್ಟೇ ಅಂದರು.

"ಇನ್ನೊಂದ ಸಲ," ಅಂದಳು ಹೆಂಡತಿ.

ಮತ್ತೆ ಇಳಿಸಿದರು, ಮತ್ತೆ ಬಂತು. "ಇನ್ನೊಂದ ಸಲ ಮಾಡ್ರಿ." ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಸಂತೆಯಲ್ಲಿ ಇನ್ನಷ್ಟು ತೋರಿಸು ಅನ್ನುವ ಗಿರಾಕಿಯ ಹಟ ಇತ್ತು. ಬ್ಯಾಟರಿ ಕಡಿಮೆಯಾಗಿದೆ ಎಂದು ಅಳಿಯ ಹೇಳಿದರು. "ಇನ್ನೂ ಆಳ ಹೋಗೂದಿಲ್ಲೇನ ಅದು? ಮ್ಯಾಲ ಮ್ಯಾಲ ತಿರಗತದ." ಅವರು ನನ್ನ ಕಡೆ ನೋಡಿದರು. ನಾನು ಬೇಡ ಅನ್ನಲಿಲ್ಲ. ಬಂಡೆಯ ನೆರಳು ಬಿದ್ದ ಕಡೆ, ನೀರು ಕಪ್ಪಗಿದ್ದ ಕಡೆ ತಿರುಗಿಸಿ ಇಳಿಸಿದರು.

ಅದು ಮೇಲೆ ಬರಲಿಲ್ಲ. ಕಡ್ಡಿ ಎರಡೂ ಕಡೆ ಒತ್ತಿದರು, ಏರಿಯಲ್ ಎತ್ತಿ ಹಿಡಿದು ದಂಡೆಯುದ್ದಕ್ಕೂ ಓಡಾಡಿದರು. ಒಂದು ಕಡೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು ನಿಂತುಹೋದವು. ಹಿಂದಿನ ಸೀಲು ಸೋತಿರಬೇಕು. ಡ್ರಮ್ಮಿನ ಆಳಕ್ಕೆ ತಡೆದ ಸೀಲು ಖಣಿಯ ಆಳಕ್ಕೂ ತಡೆಯುತ್ತದೆ ಎಂದು ನಂಬಬೇಡಿ. ದೋಣಿಗೆ ದಾರ ಕಟ್ಟಿ ಮೊದಲು ಆಳ ನೋಡಿಕೊಳ್ಳಿ. ನಮಗೆ ಇದನ್ನು ಹೇಳುವವರು ಇರಲಿಲ್ಲ.

ಅಳಿಯ ಬೂಟು ಕಳಚಿ ನೀರಿಗಿಳಿಯಲು ಹೊರಟರು. ನಾನು ತೋಳು ಹಿಡಿದು ನಿಲ್ಲಿಸಿದೆ. ನಮ್ಮ ಮನೆಯಿಂದ ಹೋದದ್ದು ಸಾಕಾಗಿತ್ತು.

"ಪರವಾಗಿಲ್ಲ," ಅಂದರು ಅವರು, ಉಸಿರು ಸರಿಮಾಡಿಕೊಳ್ಳುತ್ತ. "ಮುಂದಿನ ಭಾನುವಾರ ಈಜೋರನ್ನ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ. ಸಿಗದಿದ್ರೆ ಅದರ ಮುಂದಿನ ವಾರ. ಅಥವಾ ಇನ್ನೊಂದು ಮಾಡೋಣ, ಈಗ ನಂಗೂ ಬರುತ್ತೆ."

"ಹೌದ್ರಿ, ಇನ್ನೊಂದ ಮಾಡ್ರಿ," ಅಂದಳು ಹೆಂಡತಿ. ಅವಳ ಮುಖದಲ್ಲಿ ಬಣ್ಣ ಬಂದಿತ್ತು. "ಪೈಪು ಇವರು ತರ್ತಾರ. ನಾ ನಾಳೆನ ಗಚ್ಚು ಸ್ವಚ್ಛ ಮಾಡಿಸ್ತೀನಿ."

ಅವರಿಬ್ಬರೂ ನನ್ನನ್ನು ನೋಡುತ್ತಿದ್ದರು. ಹೂಂ ಅಂದರೆ ಸಾಕಾಗಿತ್ತು.

"ಬ್ಯಾಡ್ರಿ," ಅಂದೆ. "ಹೋದದ್ದು ಹೋತು. ನಿಮ್ಮ ತಾಯಾರ ಫೋನ್ ಬಂದಿತ್ತು ಅಳಿಯಾರ. ಹುಡುಗಿ ಕಡಿಯವರು ಕಾಯಾಕತ್ಯಾರ. ನೀವು ಮೈಸೂರಿಗೆ ಹೋಗಿ ಬರ್ರಿ. ರವಿವಾರ ಇಲ್ಲಿ ಬರೂದು ಬ್ಯಾಡ."

ಅಳಿಯ ತಲೆ ತಗ್ಗಿಸಿದರು. ಏರಿಯಲ್ಲನ್ನು ಒಂದೊಂದೇ ತುಂಡಾಗಿ ಒಳಗೆ ದೂಡಿ, ಸೆಟ್ಟನ್ನು ನನ್ನ ಕೈಗೆ ಕೊಡಬೇಕೋ ತಾವೇ ಇಟ್ಟುಕೊಳ್ಳಬೇಕೋ ತಿಳಿಯದೆ ನಿಂತರು. ಕೊನೆಗೆ ತಾವೇ ಇಟ್ಟುಕೊಂಡರು. ಹೆಂಡತಿ ಕಾರಿನಲ್ಲಿ ಹೋಗಿ ಕೂತಿದ್ದಳು. ನಮ್ಮನ್ನು ಮನೆಯ ಮುಂದೆ ಇಳಿಸಿದಾಗ ಅವರು ಅವಳ ಕಾಲಿಗೆ ಬಿದ್ದರು. ಅವಳು ತಲೆ ಮುಟ್ಟಿದಳು. ಕಾರು ತಿರುಗಿದ ಮೇಲೆ, ಮೆಟ್ಟಿಲು ಹತ್ತುವಾಗ ನನಗೆ ಹೇಳಿದಳು:

"ಭಾಳ ಲಗೂ ಕೊಟ್ಟಬಿಟ್ರಿ."

ಅವಸರದಲ್ಲಿ ಕೊಟ್ಟುಬಿಟ್ಟೆ ಎಂದು ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ಯಾರೂ ಅಂದಿರಲಿಲ್ಲ.

ಮದುವೆ ಮೈಸೂರಿನಲ್ಲಾಯಿತು. ನಮ್ಮನ್ನು ಕರೆಯಲಿಲ್ಲ, ಕರೆಯದೇ ಇದ್ದದ್ದು ಸರಿ. ಅವರ ಜಾಗದಲ್ಲಿದ್ದರೆ ನಾನೂ ಕರೆಯುತ್ತಿರಲಿಲ್ಲ. ಅದಕ್ಕೂ ಮೊದಲು ಒಂದು ರವಿವಾರ ಮಧ್ಯಾಹ್ನ ಅಳಿಯನ ಫೋನು ಬಂದಿತ್ತು. ಅತ್ತೆಗೆ ಕೊಡಿ ಅಂದರು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಎಚ್ಚರವಿತ್ತು. ಫೋನು ಹತ್ತಿರ ಹಿಡಿದೆ. ಕೈ ಅಲ್ಲಾಡಿಸಿ ಬೇಡವೆಂದಳು.

"ಮಲಗ್ಯಾಳ್ರಿ," ಅಂದೆ.

"ಊಟ ಮಾಡಿದಾರಾ?"

"ಮಾಡ್ಯಾಳ," ಅಂದೆ. ಒಲೆಯ ಮೇಲೆ ಬೆಳಗಿನ ಅನ್ನ ಮುಚ್ಚಿದ ಹಾಗೇ ಇತ್ತು.